ನಾನು ಅಂತರ್ಮುಖಿ ಅಂತ ಆಫೀಸಿನ ಪರೀಕ್ಷೆ ಹೇಳಿತು, ಆಮೇಲೆ ಆರು ವಾರ ಡೈರಿ ಬರೆದೆ

ಡೊಂಬಿವಲಿ ಲೋಕಲ್

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಇದ್ದಾಗ ಓದಿ.

ಹೋದ ವರ್ಷ ದೀಪಾವಳಿ ಆದ ಮೇಲೆ ನಮ್ಮ ಆಫೀಸಿನಲ್ಲಿ ಒಂದು ದಿನದ ತರಬೇತಿ ಇತ್ತು. ಎಲ್ಲರಿಗೂ ಒಂದು ಪ್ರಶ್ನಾವಳಿ ಕೊಟ್ಟರು. ಪಾರ್ಟಿಗೆ ಹೋದರೆ ತುಂಬಾ ಜನರ ಜೊತೆ ಮಾತಾಡುತ್ತೀರಾ, ಇಬ್ಬರು ಮೂವರ ಜೊತೆ ಮಾತ್ರವಾ, ಈ ಥರದ ಪ್ರಶ್ನೆಗಳು. ಕೊನೆಗೆ ನಾಲ್ಕು ಅಕ್ಷರದ ಗುರುತು ಬಂತು. ನನ್ನದರಲ್ಲಿ ಮೊದಲ ಅಕ್ಷರ ‘ಐ’. ಅಂದರೆ ಅಂತರ್ಮುಖಿ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಮೀಟಿಂಗಿನಲ್ಲಿ ಬಾಯಿ ಬಿಡಲಾಗದೆ ಇಷ್ಟು ವರ್ಷ ಒದ್ದಾಡಿದ್ದಕ್ಕೆ ಕಡೆಗೂ ಒಂದು ಹೆಸರು ಸಿಕ್ಕಿತು ಅನ್ನಿಸಿತು.

ತೊಂದರೆ ಶುರುವಾದದ್ದು ಆಮೇಲೆ. ಆ ಹೆಸರನ್ನು ಎಲ್ಲದಕ್ಕೂ ಮುಂದೆ ಹಿಡಿಯತೊಡಗಿದೆ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಕರೆದರೆ ‘ನನಗೆ ಜನ ಸೇರುವ ಕಡೆ ಆಗುವುದಿಲ್ಲ’. ಸೊಸೈಟಿ ಕಮಿಟಿಗೆ ಬನ್ನಿ ಅಂದರೆ ಅದೇ ಉತ್ತರ. ಆಫೀಸಿನಲ್ಲಿ ಟೀಮ್ ಲೀಡ್ ಮಾಡುತ್ತೇವೆ ಅಂದಾಗಲೂ ಅದನ್ನೇ ಹೇಳಿ ಬಿಟ್ಟುಕೊಟ್ಟೆ. ತಿಂಗಳಿಗೆ 9,000 ರೂಪಾಯಿ ಜಾಸ್ತಿ ಬರುತ್ತಿತ್ತು. ಮಗಳ ಕ್ಲಾಸಿನ ಫೀಸು ಅದರಲ್ಲೇ ಮುಗಿಯುತ್ತಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆ ಲೋಕಲ್ ರೈಲುಗಾಡಿಯಲ್ಲಿದ್ದೆ. ನಮ್ಮ ಲೇಡೀಸ್ ಡಬ್ಬಿಯ ಗುಂಪು 11 ವರ್ಷದ್ದು. ನವರಾತ್ರಿಯ ಒಂಬತ್ತು ದಿನ ಯಾವ ದಿನ ಯಾವ ಬಣ್ಣದ ಸೀರೆ ಅಂತ ಎಲ್ಲರಿಗೂ ನೆನಪು ಮಾಡುವವಳು ನಾನು. ದಿವಾ ಸ್ಟೇಷನ್ನಿನಲ್ಲಿ ಹತ್ತುವ ಹೆಂಗಸರಿಗೂ ಇಳಿಯುವವರಿಗೂ ಜಗಳ ಆದರೆ ನಡುವೆ ನಿಂತು ಮಾತಾಡುವವಳು ನಾನು. ಅವತ್ತು ಮುಲುಂಡ್ ದಾಟುವಾಗ ಒಬ್ಬಳು ನಗುತ್ತಾ ಅಂದಳು, ‘ನೀನು ರಜೆ ಹಾಕಿದ ದಿನ ಡಬ್ಬಿಯೇ ಸಪ್ಪಗಿರುತ್ತದೆ ಕಣೇ’. ನಾನು ಸುಮ್ಮನಾದೆ. ಈ ಹೆಂಗಸು ಯಾರು? ಆಫೀಸಿನ ಪರೀಕ್ಷೆಗೆ ಉತ್ತರ ಬರೆದ ಹೆಂಗಸು ಯಾರು?

ಆಮೇಲೆ ಹುಡುಕಿ ಓದಿದೆ. ವಾಲ್ಟರ್ ಮಿಷೆಲ್ ಅನ್ನುವ ಮನಶ್ಶಾಸ್ತ್ರಜ್ಞರು 1968ರಲ್ಲೇ ಇದೇ ಪ್ರಶ್ನೆ ಎತ್ತಿದ್ದರಂತೆ. ಮನುಷ್ಯನಿಗೆ ಒಂದು ಗುಣದ ಹೆಸರು ಕೊಟ್ಟುಬಿಟ್ಟರೆ ಅವನು ಮುಂದಿನ ಸಲ ಏನು ಮಾಡುತ್ತಾನೆ ಅಂತ ಗೊತ್ತಾಗುವುದಿಲ್ಲ, ಎಲ್ಲಿ ಇದ್ದಾಗ ಏನು ಮಾಡುತ್ತಾನೆ ಅಂತ ನೋಡಬೇಕು ಅಂತ. ಹಾಗಾದರೆ ನನ್ನನ್ನೇ ನೋಡಿಕೊಳ್ಳೋಣ ಅಂತ 60 ರೂಪಾಯಿಯ ಒಂದು ಡೈರಿ ತಂದೆ. ಆರು ವಾರ ದಿನಾ ಸಂಜೆ ಗಾಡಿಯಲ್ಲಿ ಬರೆದೆ. ಎಲ್ಲಿದ್ದೆ, ಯಾರಿದ್ದರು, ಮಾತಾಡಿದೆನಾ ಇಲ್ಲವಾ, ಹೊಟ್ಟೆಯಲ್ಲಿ ಏನಾಯಿತು. ಅಷ್ಟೇ.

ಆರನೇ ವಾರ ಕೂತು ಓದಿದಾಗ ಕಂಡದ್ದು ಹೀಗೆ. ಜನ ಜಾಸ್ತಿ ಇರುವುದಕ್ಕೂ ನನ್ನ ಮೌನಕ್ಕೂ ಸಂಬಂಧವೇ ಇಲ್ಲ. ಮುನ್ನೂರು ಜನರ ಡಬ್ಬಿಯಲ್ಲಿ ಮಾತಾಡಿದ್ದೇನೆ, ನಾಲ್ಕೇ ಜನರ ಮೀಟಿಂಗಿನಲ್ಲಿ ಮೂಕಿಯಾಗಿದ್ದೇನೆ. ಬಾಯಿ ಕಟ್ಟಿದ ದಿನಗಳಲ್ಲೆಲ್ಲ ಎರಡು ಸಂಗತಿ ಒಟ್ಟಿಗೇ ಇದ್ದವು. ನನ್ನ ಕೆಲಸಕ್ಕೆ ಮಾರ್ಕು ಹಾಕುವ ಒಬ್ಬರು ಎದುರಿಗಿದ್ದರು, ಮತ್ತೆ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಇವೆರಡರಲ್ಲಿ ಒಂದೇ ಇದ್ದ ದಿನ ಹೇಗೋ ನಿಭಾಯಿಸಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಇಲ್ಲೇ ಮುಂಬೈ ಮಹಾನಗರಪಾಲಿಕೆಯ ಶಾಲೆಯಲ್ಲಿ.

ಅಂದರೆ 9,000 ರೂಪಾಯಿ ನಾನು ಬಿಟ್ಟದ್ದು ಸ್ವಭಾವದ ಕಾರಣಕ್ಕಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮಲ್ಲಿ ಯಾರಾದರೂ ಇಂಥ ಸಿದ್ಧಾಂತ ಯಾವುದನ್ನಾದರೂ ನಿಮ್ಮ ಮೇಲೇ ಪ್ರಯೋಗ ಮಾಡಿ ನೋಡಿದ್ದೀರಾ? ಓದಿದ್ದಕ್ಕಿಂತ ಮಾಡಿದ್ದನ್ನು ಬರೆದರೆ ಉಪಕಾರ ಆಗುತ್ತದೆ.

ಕೋಥ್ರೂಡ್ ಕನ್ನಡಿಗ

ಅಕ್ಕಾ, ಡೈರಿಯ ಕೆಲಸ ತುಂಬಾ ಇಷ್ಟ ಆಯಿತು. ಆದರೆ ಒಂದು ಮಾತಿಗೆ ತಕರಾರು ಇದೆ, ಹೇಳಿಬಿಡುತ್ತೇನೆ.

ನಿಮ್ಮ ಆಫೀಸಿನ ನಾಲ್ಕಕ್ಷರದ ಪರೀಕ್ಷೆಗೆ ನನ್ನ ಬೆಂಬಲ ಇಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಬರೆದದ್ದನ್ನು ಹಿಡಿದು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಮಾಡಿದ್ದು ಅದು. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಅದರ ದೊಡ್ಡ ದೋಷ ಏನೆಂದರೆ ಒಂದೊಂದು ಅಕ್ಷರಕ್ಕೂ ಜನರನ್ನು ಎರಡೇ ಡಬ್ಬದಲ್ಲಿ ಹಾಕುತ್ತದೆ. ಹೆಚ್ಚಿನ ಜನ ನಡುವೆ ಎಲ್ಲೋ ಇರುತ್ತಾರೆ. ನೂರಕ್ಕೆ 49 ಬಂದವನು ಅಂತರ್ಮುಖಿ, 51 ಬಂದವನು ಬಹಿರ್ಮುಖಿ ಅಂದರೆ ಹೇಗೆ? ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಬರೆದರೆ ಎಷ್ಟೋ ಜನರ ಅಕ್ಷರ ಬದಲಾಗುತ್ತದೆ.

ಆದರೆ ಅದು ತಪ್ಪು ಅಂತ ಗುಣ ಅನ್ನುವುದೇ ಇಲ್ಲ ಅನ್ನಬೇಡಿ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟು ತೆಗೆದುಕೊಂಡು ಮನುಷ್ಯನನ್ನು ಬಣ್ಣಿಸುವ ಪದಗಳನ್ನೆಲ್ಲ ಹೆಕ್ಕಿದರು. ಸುಮಾರು 18,000 ಪದ ಸಿಕ್ಕವು. ಮುಂದಿನವರು ಅದನ್ನು ಸೋಸುತ್ತಾ ಸೋಸುತ್ತಾ ಐದಕ್ಕೆ ಇಳಿಸಿದರು, ಅದನ್ನೇ ಬಿಗ್ ಫೈವ್ ಅನ್ನುತ್ತಾರೆ. ಹೊಸದಕ್ಕೆ ತೆರೆದುಕೊಳ್ಳುವುದು, ಅಚ್ಚುಕಟ್ಟು, ಬಹಿರ್ಮುಖತೆ, ಇನ್ನೊಬ್ಬರ ಜೊತೆ ಹೊಂದಿಕೊಳ್ಳುವುದು, ಬೇಗ ಕಳವಳಕ್ಕೆ ಬೀಳುವುದು. ಈ ಐದೂ ಎಲ್ಲರಲ್ಲೂ ಇವೆ, ಅಳತೆ ಬೇರೆ ಬೇರೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಈ ವ್ಯತ್ಯಾಸದಲ್ಲಿ ಹತ್ತಿರ ಹತ್ತಿರ ಅರ್ಧ ಹುಟ್ಟಿನಿಂದ ಬಂದದ್ದು. ಹಾಗಾಗಿ ಎಲ್ಲವೂ ಸಂದರ್ಭ ಅಂತ ಬಿಡುವುದಕ್ಕೆ ಆಗುವುದಿಲ್ಲ.

ವಿಲಿಯಂ ಫ್ಲೀಸನ್ ಅನ್ನುವವರು 2001ರಲ್ಲಿ ನಿಮ್ಮ ಡೈರಿಯ ಥರದ್ದೇ ಕೆಲಸ ಮಾಡಿದರು. ದಿನಕ್ಕೆ ಹಲವು ಸಲ ಜನರನ್ನು ಕೇಳಿ ಬರೆಸಿದರು, ಈಗ ಎಷ್ಟು ಮಾತುಗಾರರಾಗಿದ್ದೀರಿ, ಎಷ್ಟು ಅಚ್ಚುಕಟ್ಟಾಗಿದ್ದೀರಿ ಅಂತ. ಒಬ್ಬನೇ ಮನುಷ್ಯ ಎರಡು ವಾರದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಓಡಾಡುತ್ತಾನೆ. ಆದರೆ ಅವನ ಸರಾಸರಿ ತೆಗೆದರೆ ಒಂದು ವಾರದಿಂದ ಇನ್ನೊಂದು ವಾರಕ್ಕೆ ಅದು ಅಲ್ಲಾಡುವುದಿಲ್ಲ. ನೀವು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ ಅಂತ ನನಗೆ ಗೊತ್ತಾದದ್ದು ಅಲ್ಲಿ.

ಈಗ ನಾನು ಮಾಡಿದ್ದು. ಈ ಐದು ಗುಣದ ಪರೀಕ್ಷೆಯಲ್ಲಿ ನನ್ನ ಅಚ್ಚುಕಟ್ಟಿನ ಅಂಕ ತೀರಾ ಕಡಿಮೆ. ಧಾರವಾಡದಲ್ಲಿ ಅಪ್ಪ ಇದನ್ನೇ ‘ಬೇಜವಾಬ್ದಾರಿ’ ಅನ್ನುತ್ತಿದ್ದರು, ದಿನಾ. ನಾನು ಹತ್ತು ವರ್ಷ ಪ್ರತಿ ಯುಗಾದಿಗೆ ಇನ್ನು ಮುಂದೆ ಶಿಸ್ತಾಗಿರುತ್ತೇನೆ ಅಂತ ನಿರ್ಧಾರ ಮಾಡಿದೆ, ಮುರಿದೆ, ಅಪ್ಪ ಹೇಳಿದ್ದೇ ಸರಿ ಅಂದುಕೊಂಡೆ. ಅಂಕ ನೋಡಿದ ಮೇಲೆ ನಿರ್ಧಾರ ಮಾಡುವುದನ್ನು ನಿಲ್ಲಿಸಿದೆ. ಸರಾಸರಿ ಕಡಿಮೆ ಇರುವವನು ಮನೆಯನ್ನು ಅದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಬೇಕು. ಬೈಕಿನ ಕೀಲಿಗೆ ಬಾಗಿಲ ಪಕ್ಕ ಒಂದು ಮೊಳೆ ಹೊಡೆದೆ. ಕರೆಂಟು ಬಿಲ್ಲು, ಬಾಡಿಗೆ, ಎಲ್‌ಐಸಿ ಮೂರೂ ಬ್ಯಾಂಕಿನಿಂದ ತಾನಾಗಿ ಕಟ್ ಆಗುವ ಹಾಗೆ ಮಾಡಿದೆ. ಊರಿಗೆ ಹೋಗುವ ಟಿಕೆಟನ್ನು ಹೆಂಡತಿ ತೆಗೆಯುತ್ತಾಳೆ, ಅಡುಗೆಮನೆ ಪೂರ್ತಿ ನನ್ನದು. ಎರಡು ವರ್ಷದಲ್ಲಿ ಒಂದು ಬಿಲ್ಲೂ ತಪ್ಪಿಲ್ಲ. ನನ್ನ ಸ್ವಭಾವ ಮಾತ್ರ ಹಾಗೇ ಇದೆ.

ಡೊಂಬಿವಲಿ ಲೋಕಲ್

ತಮ್ಮಾ, ಒಪ್ಪಿದೆ. ನನ್ನ ಸರಾಸರಿ ಏನು ಅಂತ ನಾನು ಯೋಚನೆ ಮಾಡಿರಲಿಲ್ಲ. ಡೈರಿ ಮತ್ತೆ ತೆಗೆದು ಲೆಕ್ಕ ಹಾಕುತ್ತೇನೆ. ಆದರೆ ಒಂದು ಕೇಳುತ್ತೇನೆ. ನಿನ್ನ ಅಪ್ಪ ಬೇಜವಾಬ್ದಾರಿ ಅಂದರು, ಪರೀಕ್ಷೆ ಅಚ್ಚುಕಟ್ಟು ಕಡಿಮೆ ಅಂದಿತು. ಎರಡೂ ಒಂದೇ ಅಲ್ವಾ? ಯಾಕೆ ಒಂದು ನೋಯಿಸಿತು, ಇನ್ನೊಂದು ಉಪಯೋಗಕ್ಕೆ ಬಂತು?

ಕೋಥ್ರೂಡ್ ಕನ್ನಡಿಗ

ಒಳ್ಳೆ ಪ್ರಶ್ನೆ ಅಕ್ಕಾ. ಅಪ್ಪನ ಮಾತಿನಲ್ಲಿ ಬೈಗುಳ ಇತ್ತು, ಅಳತೆ ಇರಲಿಲ್ಲ. ಅದಕ್ಕೇ ಇರಬೇಕು. ಇನ್ನೂ ಯೋಚನೆ ಮಾಡಿ ಹೇಳುತ್ತೇನೆ.

ಮಡಗಾಂವ್ ಮೇಷ್ಟ್ರು

ನಾನು ಗೋವಾದಲ್ಲಿ ಇಪ್ಪತ್ತು ವರ್ಷದಿಂದ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮೂಲ ಅಂಕೋಲಾ. ಅಕ್ಕನವರ ಡೈರಿ ಓದಿ ಬಹಳ ಸಂತೋಷವಾಯಿತು, ನನ್ನ ವಿದ್ಯಾರ್ಥಿಗಳಲ್ಲೂ ಇಷ್ಟು ತಾಳ್ಮೆಯಿಂದ ಮಾಡಿದವರು ಕಡಿಮೆ.

ಆ ಪರೀಕ್ಷೆಯ ಉತ್ತರ ನೋಡಿ ಸಮಾಧಾನ ಆಯಿತು ಅಂದಿರಿ. ಅದಕ್ಕೊಂದು ಹಳೆಯ ಪ್ರಯೋಗ ಇದೆ. 1948ರಲ್ಲಿ ಬರ್ಟ್ರಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಅವರವರ ವರದಿ ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಒಂದೇ ಹಾಳೆ, ಅದರಲ್ಲಿನ ವಾಕ್ಯಗಳನ್ನು ಅವರು ಆರಿಸಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ನಾನು ಪ್ರತಿ ಜೂನ್‌ನಲ್ಲಿ ಮೊದಲ ವರ್ಷದವರಿಗೆ ಇದನ್ನೇ ಮಾಡುತ್ತೇನೆ. ‘ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ನಿಮಗೆ ಚಿಂತೆ ಇರುತ್ತದೆ’ ಅಂತ ಬರೆದಿರುತ್ತೇನೆ. ಯಾರಿಗೆ ಇರುವುದಿಲ್ಲ? ಪಕ್ಕದವರ ಹಾಳೆ ಓದಿ ಅಂದ ಕೂಡಲೇ ಕ್ಲಾಸಿನಲ್ಲಿ ಒಂದು ಮೌನ ಬರುತ್ತದೆ. ಒಂದು ವರ್ಷ ಒಬ್ಬ ಹುಡುಗಿ ಅತ್ತಳು. ಮೊದಲ ಸಲ ಯಾರೋ ನನ್ನನ್ನು ಅರ್ಥ ಮಾಡಿಕೊಂಡರು ಅಂದುಕೊಂಡಿದ್ದೆ ಸರ್ ಅಂದಳು. ಆ ವರ್ಷದಿಂದ ಪ್ರಯೋಗ ಮುಗಿದ ಮೇಲೆ ಒಂದು ಪೂರ್ತಿ ಅವಧಿ ಅವರ ಜೊತೆ ಕೂತು ಮಾತಾಡುತ್ತೇನೆ.

ಪುಣೆಯ ಕೋಥ್ರೂಡ್ ತಮ್ಮನವರು ಹೇಳಿದ ಐದು ಗುಣಗಳು ಗಟ್ಟಿ ವಿಜ್ಞಾನ, ಅನುಮಾನ ಬೇಡ. ಮಿಷೆಲ್ ಅವರನ್ನೂ ಸರಿಯಾಗಿ ಓದಬೇಕು. ಗುಣದ ಅಂಕಕ್ಕೂ ಒಂದು ಸಂದರ್ಭದಲ್ಲಿ ಮನುಷ್ಯ ನಿಜವಾಗಿ ಮಾಡುವುದಕ್ಕೂ ಇರುವ ನಂಟು 0.3ರ ಆಚೆ (ಸೊನ್ನೆ ಅಂದರೆ ನಂಟೇ ಇಲ್ಲ, ಒಂದು ಅಂದರೆ ಪೂರ್ತಿ ನಂಟು) ಹೋಗುವುದು ಅಪರೂಪ ಅಂತ 1968ರಲ್ಲಿ ಬರೆದರು, ದೊಡ್ಡ ಗಲಾಟೆ ಆಯಿತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಯುಯಿಚಿ ಶೋಡಾ ಜೊತೆ ಸೇರಿ ಮಕ್ಕಳ ಬೇಸಿಗೆ ಶಿಬಿರದಲ್ಲಿ ನೋಡಿದರು. ಇಬ್ಬರು ಮಕ್ಕಳು ದಿನಕ್ಕೆ ಅಷ್ಟಷ್ಟೇ ಸಲ ಜಗಳ ಮಾಡುತ್ತಾರೆ ಅಂದುಕೊಳ್ಳಿ. ಒಬ್ಬ ದೊಡ್ಡವರು ಗದರಿದಾಗ ಮಾಡುತ್ತಾನೆ, ಇನ್ನೊಬ್ಬ ಜೊತೆಯ ಮಕ್ಕಳು ಹತ್ತಿರ ಬಂದಾಗ ಮಾಡುತ್ತಾನೆ. ಸರಾಸರಿ ಒಂದೇ, ಹುಡುಗರು ಬೇರೆ. ‘ಹೀಗಾದರೆ ಹೀಗೆ’ ಅನ್ನುವ ಈ ನಮೂನೆಯೇ ವ್ಯಕ್ತಿತ್ವದ ರುಜು ಅಂತ ಅವರು 1995ರಲ್ಲಿ ಬರೆದರು. ಅಕ್ಕ ಡೈರಿಯಲ್ಲಿ ಕಂಡುಹಿಡಿದದ್ದು ಇದನ್ನೇ. ಮಾರ್ಕು ಹಾಕುವವರು ಮತ್ತು ಇಂಗ್ಲಿಷ್ ಕೂಡಿದರೆ ಮೌನ.

ನಮ್ಮವರಿಗೆ ಹತ್ತಿರದ ಇನ್ನೊಂದು ಅಧ್ಯಯನ ಹೇಳಲೇಬೇಕು. 1984ರಲ್ಲಿ ಜೋನ್ ಮಿಲ್ಲರ್ ಅವರು ಶಿಕಾಗೋದ ಜನರನ್ನೂ ನಮ್ಮ ಮೈಸೂರಿನ ಜನರನ್ನೂ ಹೋಲಿಸಿದರು. ಗೊತ್ತಿರುವ ಯಾರಾದರೂ ಮಾಡಿದ ಒಂದು ಕೆಟ್ಟ ಕೆಲಸ, ಒಂದು ಒಳ್ಳೆ ಕೆಲಸ ಹೇಳಿ, ಯಾಕೆ ಮಾಡಿದರು ಅಂತಲೂ ಹೇಳಿ ಅಂದರು. ಶಿಕಾಗೋದ ದೊಡ್ಡವರು ಜಾಸ್ತಿ ಹೇಳಿದ್ದು ‘ಅವನ ಸ್ವಭಾವವೇ ಹಾಗೆ’ ಅನ್ನುವಂಥ ಕಾರಣ. ಮೈಸೂರಿನವರು ಅವನ ಮನೆ, ಕರ್ತವ್ಯ, ಆ ಹೊತ್ತಿನ ಪರಿಸ್ಥಿತಿಯನ್ನು ಜಾಸ್ತಿ ಹೇಳಿದರು. ಇನ್ನೂ ಸೋಜಿಗ ಅಂದರೆ ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರಿನವರು ಹೆಚ್ಚು ಕಡಿಮೆ ಒಂದೇ ಥರ ಉತ್ತರ ಕೊಟ್ಟರು, ವ್ಯತ್ಯಾಸ ಬೆಳೆದದ್ದು ವಯಸ್ಸಿನ ಜೊತೆ. ಹಾಗಾದರೆ ಸಂದರ್ಭ ನೋಡುವ ಕಣ್ಣು ನಮ್ಮ ಮನೆಗಳಲ್ಲೇ ಕಲಿಸಿದ್ದು. ಆಫೀಸಿನ ಪರೀಕ್ಷೆಗಳು ಅದನ್ನು ಮರೆಸದಿರಲಿ ಅನ್ನುವುದು ನನ್ನ ಆಸೆ. ಗೀತೆಯ 14ನೆಯ ಅಧ್ಯಾಯದಲ್ಲೂ ಸತ್ವ, ರಜಸ್ಸು, ತಮಸ್ಸು ಒಂದನ್ನೊಂದು ಅದುಮಿ ಮೇಲೆ ಬರುತ್ತಿರುತ್ತವೆ ಅಂತಲೇ ಇದೆ. ನಾವು ಮಾತ್ರ ‘ಅವನು ತಾಮಸಿ’ ಅಂತ ಹಣೆಪಟ್ಟಿ ಹಚ್ಚಿಬಿಡುತ್ತೇವೆ.

ಮಾಟುಂಗಾ ಹಿರಿಯ

ಮೊಮ್ಮಗ ಇದನ್ನೆಲ್ಲ ಓದಿ ಹೇಳಿದ. ನಾನು ಹೇಳುತ್ತಾ ಹೋದದ್ದನ್ನು ಅವನೇ ಟೈಪ್ ಮಾಡುತ್ತಿದ್ದಾನೆ.

ನಾನು 1968ರಲ್ಲಿ ಕಾರ್ಕಳದ ಕಡೆಯಿಂದ ಮುಂಬೈಗೆ ಬಂದೆ. 13 ವರ್ಷ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಮಾಣಿ. ರಾತ್ರಿ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆ. ಈಗ ನನ್ನದೇ ಸಣ್ಣ ಹೋಟೆಲು ಇದೆ, ಮಗ ನೋಡಿಕೊಳ್ಳುತ್ತಾನೆ, ಮಧ್ಯಾಹ್ನ ಮಾತ್ರ ನಾನು ಗಲ್ಲಾದಲ್ಲಿ ಕೂರುತ್ತೇನೆ.

ನನ್ನ ಸಿಟ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನನ್ನ ಹೆಂಡತಿ ಐವತ್ತು ವರ್ಷದಿಂದ ಹೇಳುತ್ತಾಳೆ. ನಾನೂ ಅದನ್ನೇ ನಂಬಿದ್ದೆ. ಈ ಮೇಷ್ಟ್ರು ಬರೆದದ್ದು ಕೇಳಿದ ಮೇಲೆ ಮೊಮ್ಮಗ ನನ್ನನ್ನು ಕೂರಿಸಿ ಕೇಳಿದ, ಅಜ್ಜಾ, ನಿಮಗೆ ಕಡೆಯ ಹತ್ತು ಸಲ ಸಿಟ್ಟು ಬಂದದ್ದು ಯಾವಾಗ ಹೇಳಿ ಅಂತ. ಹತ್ತು ನೆನಪಾಗಲಿಲ್ಲ, ಏಳು ನೆನಪಾಯಿತು. ಏಳೂ ಮಧ್ಯಾಹ್ನ ಒಂದರಿಂದ ಎರಡೂವರೆ ಒಳಗೆ. ನಾನು ಊಟ ಮಾಡುವುದು ಎರಡೂವರೆಗೆ. ಆ ಏಳರಲ್ಲಿ ಐದು ಸಲ ಯಾರೋ ಲೆಕ್ಕದ ಮಾತು ಎತ್ತಿದ್ದರು. ಬಿಲ್ಲು ತಪ್ಪು ಅಂದ ಗಿರಾಕಿ, ಚಿಲ್ಲರೆ ಕಡಿಮೆ ಅಂದ ಮಾಣಿ, ಬ್ಯಾಂಕಿನ ಪುಸ್ತಕ ತಂದ ಮಗ.

ನಮ್ಮ ಕೆಲಸದ ಹುಡುಗರಿಗೆ ಇದು ಯಾವತ್ತೋ ಗೊತ್ತಿತ್ತಂತೆ! ಹೊಸದಾಗಿ ಬಂದವನಿಗೆ ಮೊದಲ ದಿನವೇ ಹೇಳಿಕೊಡುತ್ತಾರಂತೆ, ‘ಧಣಿಗಳ ಊಟ ಆಗುವವರೆಗೆ ದುಡ್ಡಿನ ಮಾತು ತೆಗೆಯಬೇಡ’ ಅಂತ. ಐವತ್ತು ವರ್ಷ ನನ್ನ ಹೆಂಡತಿಗೂ ನನಗೂ ಕಾಣದ್ದು ಹದಿನಾರು ಹದಿನೇಳು ವರ್ಷದ ಹುಡುಗರಿಗೆ ಒಂದು ತಿಂಗಳಲ್ಲಿ ಕಂಡಿದೆ.

ಲೆಕ್ಕದ ಮಾತು ಯಾಕೆ ಅಂತ ಮೊಮ್ಮಗ ಮತ್ತೂ ಕೇಳಿದ. ಅದು ಯಾಕೆ ಅಂತ ನನಗೆ ಗೊತ್ತು, ಯಾರಿಗೂ ಹೇಳಿರಲಿಲ್ಲ. ಬಂದ ಮೊದಲ ವರ್ಷ, ಕೆಲಸಕ್ಕಿದ್ದ ಹೋಟೆಲಿನಲ್ಲಿ ಗಲ್ಲಾದಿಂದ ಎರಡು ರೂಪಾಯಿ ಕಾಣೆಯಾಯಿತು. ನನ್ನ ಅಂಗಿ ಬಿಚ್ಚಿಸಿ ಹುಡುಕಿದರು. ಊಟದ ಹೊತ್ತು, ಹೋಟೆಲು ತುಂಬಾ ಜನ. ಆ ದಿನ ನನಗೆ ಊಟ ಕೊಡಲಿಲ್ಲ.

ಮಡಗಾಂವ್ ಮೇಷ್ಟ್ರು

ಹಿರಿಯರೇ, ನಮಸ್ಕಾರ. ನಿಮ್ಮದನ್ನು ಎರಡು ಸಲ ಓದಿದೆ.

ಆಲ್ಫ್ರೆಡ್ ಆಡ್ಲರ್ ಅಂತ ವಿಯೆನ್ನಾದ ವೈದ್ಯರಿದ್ದರು, ಮೊದಲು ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಜೊತೆ ಇದ್ದು 1911ರಲ್ಲಿ ಬೇರೆಯಾದವರು. ಅವರು ತಮ್ಮ ಹತ್ತಿರ ಬಂದವರನ್ನು ಬಾಲ್ಯದ ನೆನಪು ಕೇಳುತ್ತಿದ್ದರು. ಮನುಷ್ಯ ಸಾವಿರ ಘಟನೆಗಳಲ್ಲಿ ಒಂದನ್ನು ಆರಿಸಿ ಇಟ್ಟುಕೊಂಡಿದ್ದಾನೆ ಅಂದರೆ ಈಗಲೂ ಅವನು ಅದರ ಪ್ರಕಾರ ಬದುಕುತ್ತಿದ್ದಾನೆ ಅಂತ ಅವರ ವಾದ. ಒಂದು ನೆನಪೇ ಇಡೀ ಸ್ವಭಾವಕ್ಕೆ ಕಾರಣ ಅಂತ ನಾನು ಪಾಠದಲ್ಲಿ ಹೇಳುವುದಿಲ್ಲ, ಅಂಥ ಮಾತನ್ನು ಸಾಬೀತು ಮಾಡುವುದು ಕಷ್ಟ. ಆದರೆ ನಿಮ್ಮ ನೆನಪಿನಲ್ಲಿ ಹೊತ್ತು, ಹಸಿವು, ಲೆಕ್ಕ, ಮೂರೂ ಇವೆ. ನಿಮ್ಮ ಏಳು ಸಿಟ್ಟಿನಲ್ಲಿ ಐದರಲ್ಲಿ ಆ ಮೂರೂ ಬಂದಿವೆ. ಮೊಮ್ಮಗನಿಗೆ ನನ್ನ ಮೆಚ್ಚುಗೆ ತಿಳಿಸಿ, ಅವನು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು.

ಠಾಣೆಯ ಸೊಸೆ

ಎಲ್ಲ ಓದಿದೆ. ಹಿರಿಯರ ಮಾತು ಓದಿ ಕೆಲಸ ನಿಲ್ಲಿಸಿ ಕೂತೆ.

ನಾನೊಂದು ಎಚ್ಚರಿಕೆ ಹೇಳುತ್ತೇನೆ, ನಾನೇ ಮಾಡಿದ ತಪ್ಪಿನಿಂದ. ಮದುವೆಯಾದ ಹೊಸದರಲ್ಲಿ ಇಂಥದ್ದೆಲ್ಲ ತುಂಬಾ ಓದುತ್ತಿದ್ದೆ. ಓದಿದ್ದನ್ನು ನನ್ನ ಮೇಲೆ ಪ್ರಯೋಗ ಮಾಡಲಿಲ್ಲ, ಗಂಡನ ಮೇಲೆ ಮಾಡಿದೆ. ಅವರು ಸುಮ್ಮನಿದ್ದರೆ ಅದಕ್ಕೊಂದು ಹೆಸರು, ತಡವಾಗಿ ಬಂದರೆ ಇನ್ನೊಂದು ಹೆಸರು. ಫ್ರಾಯ್ಡ್ ಮಗಳು ಆನಾ 1936ರಲ್ಲಿ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಹೂಡುವ ಉಪಾಯಗಳ ಬಗ್ಗೆ ಬರೆದಿದ್ದಾರಲ್ಲ, ಅವುಗಳಲ್ಲಿ ಒಂದೊಂದನ್ನೂ ಅವರ ಮುಖಕ್ಕೆ ಹೇಳಿದೆ. ಒಂದು ದಿನ ಅವರು ಅಂದರು, ‘ನಿನ್ನ ಹತ್ತಿರ ಏನು ಹೇಳಿದರೂ ಅದು ಕಾಯಿಲೆಯ ಹಾಗೆ ಕೇಳುತ್ತದೆ, ಅದಕ್ಕೇ ಹೇಳುವುದು ಬಿಟ್ಟೆ’. ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಹಾಲು, ತರಕಾರಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಆ ತಪ್ಪು ಪೂರ್ತಿ ನನ್ನದು.

ಆಮೇಲೆ ನನಗೆ ಸಹಾಯ ಆದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಕೆಲ್ಲಿ. 1955ರಲ್ಲಿ ಅವರು ಹೇಳಿದ್ದು ಇಷ್ಟು. ಪ್ರತಿಯೊಬ್ಬರೂ ಒಂಥರಾ ವಿಜ್ಞಾನಿಯೇ, ಜನರನ್ನು ಅಳೆಯಲು ತಮ್ಮದೇ ಅಳತೆಗೋಲು ಮಾಡಿಕೊಂಡಿರುತ್ತಾರೆ, ಆ ಅಳತೆಗೋಲು ನೋಡಿದರೆ ಅಳೆಯುವವರ ವ್ಯಕ್ತಿತ್ವ ಗೊತ್ತಾಗುತ್ತದೆ. ಅದನ್ನು ಕಂಡುಹಿಡಿಯಲು ಅವರದೊಂದು ಸುಲಭ ದಾರಿ ಇದೆ. ಗೊತ್ತಿರುವ ಮೂವರನ್ನು ತೆಗೆದುಕೊಳ್ಳಿ. ಇವರಲ್ಲಿ ಇಬ್ಬರು ಯಾವುದರಲ್ಲಿ ಒಂದೇ ಥರ, ಮೂರನೆಯವರು ಯಾವುದರಲ್ಲಿ ಬೇರೆ, ಬರೆಯಿರಿ. ಮತ್ತೆ ಬೇರೆ ಮೂವರು. ಹೀಗೆ ಹದಿನೈದು ಇಪ್ಪತ್ತು ಸಲ.

ನಾನು ಅಮ್ಮ, ಅತ್ತೆ, ನಾದಿನಿ ಅಂತ ಶುರು ಮಾಡಿದೆ. ಆಮೇಲೆ ಗಂಡ, ಅಣ್ಣ, ಬಾಸ್. ಪಕ್ಕದ ಮನೆಯವರು, ಮನೆಗೆಲಸದವಳು, ನನ್ನ ಗೆಳತಿ. ಇಪ್ಪತ್ತು ಸಲ ಬರೆದು ನೋಡಿದರೆ ಹದಿನಾಲ್ಕರಲ್ಲಿ ಒಂದೇ ಮಾತು ಬೇರೆ ಬೇರೆ ವೇಷದಲ್ಲಿ ಇತ್ತು. ‘ನನ್ನನ್ನು ಕೇಳಿ ಮಾಡುವವರು, ಕೇಳದೆ ಮಾಡುವವರು.’ ಅಷ್ಟೇ ಇತ್ತು ನನ್ನ ಹತ್ತಿರ! ಪ್ರಪಂಚದಲ್ಲಿ ಧಾರಾಳಿಗಳು, ಜಿಪುಣರು, ನಗಿಸುವವರು, ಹಾಡುವವರು ಎಲ್ಲ ಇದ್ದಾರೆ, ನನ್ನ ಕಣ್ಣಿಗೆ ಎಲ್ಲರೂ ಈ ಎರಡೇ ಸಾಲಿನಲ್ಲಿ ನಿಂತಿದ್ದರು. ಅತ್ತೆ ಕೇಳದೆ ಮಾಡುವವರ ಸಾಲಿನಲ್ಲಿ ಮೊದಲಿಗರು. ನಾನು ಕೇಳದೇ ನನ್ನ ಆಫೀಸಿನ ಡಬ್ಬಿಗೆ ದಿನಾ ಎರಡು ಚಪಾತಿ ಜಾಸ್ತಿ ಇಡುತ್ತಿದ್ದರು. ಅದನ್ನು ನಾನು ನಾಲ್ಕು ವರ್ಷ ಅತಿಕ್ರಮಣ ಅಂತ ಲೆಕ್ಕ ಹಾಕಿದ್ದೆ.

ಈಗ ಒಂದು ಪ್ರಶ್ನೆ. ಸಂದರ್ಭ ಬದಲಾಯಿಸಿ ಅನ್ನುತ್ತೀರಿ. ಬದಲಾಯಿಸಲು ಆಗದವರು ಏನು ಮಾಡಬೇಕು? ನಮ್ಮದು ಒಂದು ರೂಮು, ಅಡುಗೆಮನೆ. ಐದು ಜನ. ನನಗೆ ದಿನಕ್ಕೆ ಅರ್ಧ ಗಂಟೆ ಒಬ್ಬಳೇ ಇರದಿದ್ದರೆ ತಲೆ ಕೆಡುತ್ತದೆ, ಇದು ನನ್ನ ಸರಾಸರಿ ಅಂತ ಖಂಡಿತ ಗೊತ್ತು.

ಡೊಂಬಿವಲಿ ಲೋಕಲ್

ತಂಗೀ, ಚಪಾತಿಯ ಮಾತು ಓದಿ ನನ್ನ ಅತ್ತೆ ನೆನಪಾದರು. ಈಗ ಅವರಿಲ್ಲ.

ಅರ್ಧ ಗಂಟೆಯ ವಿಷಯಕ್ಕೆ ಬ್ರಯಾನ್ ಲಿಟಲ್ ಅನ್ನುವ ಪ್ರೊಫೆಸರ್ ಕಥೆ ಹೇಳುತ್ತೇನೆ. ಅವರು ಸ್ವಭಾವದಿಂದ ತುಂಬಾ ಅಂತರ್ಮುಖಿ, ಆದರೆ ಪಾಠ ಮಾಡುವಾಗ ಯಾರೂ ನಂಬುವುದಿಲ್ಲ, ಅಷ್ಟು ಉತ್ಸಾಹ. ನಾವು ಪ್ರೀತಿಸುವ ಕೆಲಸಕ್ಕಾಗಿ ಸ್ವಭಾವ ಬಿಟ್ಟು ನಡೆದುಕೊಳ್ಳಬಹುದು, ಆದರೆ ಆಮೇಲೆ ಸುಧಾರಿಸಿಕೊಳ್ಳಲು ಒಂದು ಜಾಗ ಬೇಕೇ ಬೇಕು ಅಂತ ಅವರ ವಾದ. ಕೆನಡಾದ ಒಂದು ಸೈನಿಕ ಕಾಲೇಜಿನಲ್ಲಿ ಭಾಷಣ ಮಾಡಲು ಹೋದಾಗ ಊಟದ ಹೊತ್ತಿಗೆ ನದಿಯ ದಂಡೆಗೆ ಹೋಗಿ ಒಬ್ಬರೇ ಅಡ್ಡಾಡುತ್ತಿದ್ದರಂತೆ. ಮುಂದೆ ಅದಕ್ಕೂ ಆಗದಾಗ ಟಾಯ್ಲೆಟ್ಟಿನಲ್ಲಿ ಹೋಗಿ ಕೂರುತ್ತಿದ್ದರಂತೆ. ಜಾಗ ದೊಡ್ಡದಾಗಿರಬೇಕಾಗಿಲ್ಲ. ನಮ್ಮ ಗುಂಪಿನ ಒಬ್ಬಳು ಸಂಜೆ ಎರಡು ಗಾಡಿ ಬಿಟ್ಟು ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂರುತ್ತಾಳೆ. ಗಾಡಿ ಲೇಟು ಅಂತ ಮನೆಯಲ್ಲಿ ಹೇಳುತ್ತಿದ್ದಳು. ಈಗ ‘ನನಗೆ ಅರ್ಧ ಗಂಟೆ ಬೇಕು’ ಅಂತಲೇ ಹೇಳುತ್ತಾಳೆ. ಮನೆಯವರು ಒಪ್ಪಿದ್ದಾರೆ.

ವಾಸ್ಕೋದಿಂದ

ನಾನು ಬಿಜಾಪುರ ಕಡೆಯವನು, ಇಲ್ಲಿ ಬಂದರಿನಲ್ಲಿ ಕೆಲಸ. ನೀವೆಲ್ಲ ಬರೆದದ್ದು ಚೆನ್ನಾಗಿದೆ. ಆದರೆ ನನಗೆ ಮೂರು ತಿಂಗಳಿಂದ ರಾತ್ರಿ ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ, ಊಟ ಸೇರುತ್ತಿಲ್ಲ. ಆನ್‌ಲೈನ್ ಪರೀಕ್ಷೆ ಮಾಡಿದೆ. ಬೇಗ ಕಳವಳಕ್ಕೆ ಬೀಳುವ ಗುಣ ತೀರಾ ಜಾಸ್ತಿ ಅಂತ ಬಂತು. ಸ್ವಭಾವವೇ ಹೀಗೆ ಅಂದಮೇಲೆ ಏನು ಮಾಡುವುದು ಅಂತ ಸುಮ್ಮನಿದ್ದೇನೆ. ನಾನೂ ಡೈರಿ ಬರೆಯಲಾ?

ಮಡಗಾಂವ್ ಮೇಷ್ಟ್ರು

ತಮ್ಮಾ, ಸುಮ್ಮನಿರಬೇಡ. ಮೂರು ತಿಂಗಳು ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂದರೆ ಅದು ಸ್ವಭಾವದ ಮಾತಲ್ಲ, ಡಾಕ್ಟರಿಗೆ ತೋರಿಸುವ ಮಾತು. ಆ ಗುಣ ಜಾಸ್ತಿ ಇರುವವರು ಎಷ್ಟೋ ಜನ ನಿದ್ದೆ ಮಾಡುತ್ತಾರೆ, ಊಟ ಮಾಡುತ್ತಾರೆ. ಡೈರಿ ಆಮೇಲೆ ಬರೆಯೋಣ. ಸರಕಾರದ ಟೆಲಿಮಾನಸ್ ಅಂತ ಉಚಿತ ಸಹಾಯವಾಣಿ ಇದೆ, 14416, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಇವತ್ತೇ ಮಾಡು. ಈ ವಾರದಲ್ಲೇ ಒಬ್ಬ ಡಾಕ್ಟರನ್ನೂ ನೋಡು. ಒಬ್ಬನೇ ಹೋಗಲು ಆಗದಿದ್ದರೆ ನನಗೆ ಖಾಸಗಿಯಾಗಿ ಬರೆ, ಭಾನುವಾರ ನಾನು ವಾಸ್ಕೋಗೆ ಬರುತ್ತೇನೆ.

ವಾಸ್ಕೋದಿಂದ

ಸರ್, ಬರೆದಿದ್ದೇನೆ. ನೋಡಿ.

ಕೋಥ್ರೂಡ್ ಕನ್ನಡಿಗ

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಅಪ್ಪನ ಮಾತಿನಲ್ಲಿ ನಾನು ಮುಂದೆ ಏನು ಮಾಡಬೇಕು ಅನ್ನುವುದು ಇರಲಿಲ್ಲ. ಮೊಳೆ ಎಲ್ಲಿ ಹೊಡೆಯಬೇಕು ಅಂತ ಬೈಗುಳದಲ್ಲಿ ಇರುವುದಿಲ್ಲ.

ಇನ್ನೊಂದು. ಸ್ವಭಾವ ಹಾಗೇ ಇದೆ ಅಂತ ಮೊದಲು ಬರೆದಿದ್ದೆ. ಅದು ಪೂರ್ತಿ ಸರಿ ಅಲ್ಲ ಅಂತ ಈಗ ಅನ್ನಿಸುತ್ತಿದೆ. ನೇಥನ್ ಹಡ್ಸನ್ ಮತ್ತು ಜೊತೆಯವರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 15 ವಾರ ವಿದ್ಯಾರ್ಥಿಗಳು ತಾವು ಬದಲಿಸಬೇಕೆಂದ ಗುಣಕ್ಕೆ ವಾರವಾರ ಸಣ್ಣ ಸಣ್ಣ ಕೆಲಸ ಆರಿಸಿಕೊಂಡರು. ಅಂಗಡಿಯವನ ಹತ್ತಿರ ನಾಲ್ಕು ಮಾತಾಡುವುದು, ಅಷ್ಟು ಸಣ್ಣವು. ಕೆಲಸ ಮಾಡಿದವರ ಅಂಕ ಆ ಕಡೆ ಸರಿಯಿತು. ಆರಿಸಿಕೊಂಡು ಮಾಡದೆ ಬಿಟ್ಟವರದು ಸರಿಯಲಿಲ್ಲ. ನನ್ನ ಹತ್ತು ಯುಗಾದಿಗಳು ಇಲ್ಲೇ ಇವೆ ಅನ್ನಿಸಿತು, ಆರಿಸಿಕೊಂಡೆ, ಮಾಡಲಿಲ್ಲ.

ಡೊಂಬಿವಲಿ ಲೋಕಲ್

ಐದು ವಾರ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ.

ಡೈರಿಯ ಸರಾಸರಿ ತೆಗೆದೆ. ನಾನು ನಡುವಿಗಿಂತ ಸ್ವಲ್ಪ ಮಾತಿನ ಕಡೆಗೇ ಇದ್ದೇನೆ. ಹಡ್ಸನ್ ಅವರ ದಾರಿ ಹಿಡಿದು ಒಂದು ಸಣ್ಣ ಕೆಲಸ ಆರಿಸಿಕೊಂಡೆ. ಎರಡು ಸಂಗತಿ ಕೂಡಿದರೆ ಬಾಯಿ ಕಟ್ಟುತ್ತದೆ ಅಂದೆನಲ್ಲ, ಒಂದನ್ನು ಬಿಡಿಸಿ ನೋಡೋಣ ಅಂತ. ಮೀಟಿಂಗಿನಲ್ಲಿ ನನ್ನ ಭಾಗವನ್ನು ಹಿಂದಿಯಲ್ಲಿ ಹೇಳುತ್ತೇನೆ ಅಂತ ಮ್ಯಾನೇಜರಿಗೆ ಮೊದಲೇ ತಿಳಿಸಿದೆ. ಅವರು ‘ಹೇಳಿ, ಅದರಲ್ಲೇನು’ ಅಂದರು. ಇಷ್ಟು ವರ್ಷ ಕೇಳಿಯೇ ಇರಲಿಲ್ಲ ನಾನು.

ಮೊದಲ ವಾರ ಎರಡು ನಿಮಿಷ ಮಾತಾಡಿದೆ. ಎರಡನೇ ವಾರ ದೊಡ್ಡ ಸಾಹೇಬರು ಬಂದಿದ್ದರು, ಮತ್ತೆ ಬಾಯಿ ಕಟ್ಟಿತು, ಹಿಂದಿಯೂ ಬರಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ. ಮೂರನೇ ವಾರ ರಜೆ ಹಾಕಬೇಕು ಅನ್ನಿಸಿತು, ಹಾಕಲಿಲ್ಲ. ನಾಲ್ಕು ಮತ್ತು ಐದನೇ ವಾರ ಮಾತಾಡಿದೆ, ಐದನೇ ವಾರ ಒಬ್ಬರು ಎದುರು ಪ್ರಶ್ನೆ ಕೇಳಿದರು, ಅದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಬಂತು. ಟೀಮ್ ಲೀಡ್ ಜಾಗ ಈಗ ಖಾಲಿ ಇಲ್ಲ. ಮುಂದೆ ಖಾಲಿಯಾದರೆ ಹೇಳಿ ಅಂತ ಬರೆದು ಕೊಟ್ಟಿದ್ದೇನೆ.

ಹಿರಿಯರೇ, ನಿಮ್ಮ ಮಧ್ಯಾಹ್ನ ಹೇಗಿದೆ? ಆ ಎರಡು ರೂಪಾಯಿ ಆಮೇಲೆ ಸಿಕ್ಕಿತಾ?

ಮಾಟುಂಗಾ ಹಿರಿಯ

ಸಿಕ್ಕಿತು ತಂಗೀ. ಮರುದಿನ ಗಲ್ಲಾದ ಡ್ರಾಯರ್ ಹಿಂದೆ ಬಿದ್ದದ್ದು ಸಿಕ್ಕಿತು. ಯಾರೂ ನನಗೆ ಹೇಳಲಿಲ್ಲ. ನಾನು ಟೇಬಲ್ ಒರೆಸುತ್ತಿದ್ದೆ, ತೆಗೆಯುವುದನ್ನು ನೋಡಿದೆ.

ಈಗ ಊಟವನ್ನು ಹನ್ನೆರಡೂವರೆಗೇ ಮುಗಿಸುತ್ತೇನೆ. ಹೆಂಡತಿಗೆ ಇನ್ನೂ ನಂಬಿಕೆ ಬಂದಿಲ್ಲ, ನೋಡೋಣ ಅನ್ನುತ್ತಾಳೆ. ಮೊನ್ನೆ ಗಲ್ಲಾದಲ್ಲಿ 40 ರೂಪಾಯಿ ಕಡಿಮೆ ಬಂತು. ಹೊಸ ಹುಡುಗ, ಕುಂದಾಪುರದ ಕಡೆಯವನು, ಗೋಡೆಗೆ ಒತ್ತಿಕೊಂಡು ನಿಂತಿದ್ದ. ನಾನು ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ಹಿಂದೆ ಕೈ ಹಾಕಿ ನೋಡಿದೆ. ಅಲ್ಲಿರಲಿಲ್ಲ. ಇರಲಿ, ನೀನು ಹೋಗಿ ಊಟ ಮಾಡು ಅಂದೆ.